ಪರಭಾಷೆಯನ್ನು ತಮ್ಮದಾಗಿಸಿಕೊಂಡವರು

ಜೂನ್ ತಿಂಗಳು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗುವನ್ನು ಯಾವ ಶಾಲೆಗೆ ಸೇರಿಸುವುದು, ಅಲ್ಲಿ ಇಂಗ್ಲಿಷ್ ಹೇಗೆ ಕಲಿಸುತ್ತಾರೆ? ಸಾಲ ಮಾಡಿಯಾದರೂ ಸರಿ, ಮಗು ಇಂಗ್ಲಿಷ್ ಮಾಧ್ಯಮದಲ್ಲೇ ಓದಲಿ ಎಂದು ಬಯಸುವ ತಂದೆತಾಯಿಗಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಕೆಲವೇ ದಿನಗಳಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಮಾತಾಡಿಸುತ್ತೇವೆಂದು ಸಾರುವ ಪುಸ್ತಕಗಳೂ ತರಗತಿಗಳೂ ಊರೂರಿನಲ್ಲಿವೆ. ಇದರೊಂದಿಗೆ ಒಂದು ಅಂಜಿಕೆಯೂ ಬೆಳೆದಿದೆ. ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ತುಳುವನ್ನೋ ಆಡಿದರೆ ಮಗುವಿನ ಇಂಗ್ಲಿಷ್ ಕೆಟ್ಟೀತು ಎಂಬ ಅಂಜಿಕೆ ಅದು. ಹೀಗಾಗಿ ಇಂಗ್ಲಿಷ್ ಸರಿಯಾಗಿ ಬಾರದ ತಾಯಿ ತನ್ನ ಮಗುವಿನೊಡನೆ ಮಾತು ಕಡಿಮೆ ಮಾಡುವ ಸ್ಥಿತಿ ಒದಗಿದೆ.

ಇಂಗ್ಲಿಷ್ ಬೇಕೇ ಬೇಡವೇ ಎಂಬುದು ಈ ಲೇಖನದ ವಿಷಯವಲ್ಲ. ಇಂದಿನ ಬದುಕಿಗೆ ಅದು ಬೇಕು ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯೋಣ. ಅದನ್ನು ಚೆನ್ನಾಗಿ ಕಲಿಯುವುದು ಹೇಗೆಂಬುದೇ ನಮ್ಮ ಪ್ರಶ್ನೆ. ತಾಯಿನುಡಿ ಬೇರೆಯಾಗಿದ್ದೂ, ಪ್ರಾಯಕ್ಕೆ ಬಂದ ಮೇಲೆ ಇಂಗ್ಲಿಷ್ ಕಲಿತು, ಇಂಗ್ಲಿಷರೇ ತಲೆದೂಗುವಂತೆ ಅದರಲ್ಲಿ ಬರೆದವರು ಚರಿತ್ರೆಯಲ್ಲಿ ಹಲವರಿದ್ದಾರೆ. ಅವರು ಯಾವ ಅಭ್ಯಾಸಗಳಿಂದ ಈ ಸಾಮರ್ಥ್ಯವನ್ನು ಗಳಿಸಿದರೆಂಬುದಕ್ಕೆ ದಾಖಲೆಗಳೂ ಉಳಿದಿವೆ. ಅಂಥ ಕೆಲವರ ಕಡೆಗೆ ದೃಷ್ಟಿ ಹಾಯಿಸಿದರೆ ನಮ್ಮ ಅಂಜಿಕೆಗೂ ಉತ್ತರ ದೊರಕೀತು.

ಕಚೇರಿಯ ಕಾಗದಗಳೇ ಪಾಠಪುಸ್ತಕ

ರಾಜಾ ರಾಮಮೋಹನ ರಾಯರು ಸತಿಪದ್ಧತಿಯ ವಿರುದ್ಧ ಹೋರಾಡಿದವರೆಂದು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅವರು ಇಂಗ್ಲಿಷ್ ಕಲಿತ ಬಗೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಬಂಗಾಳದ ರಾಧಾನಗರದಲ್ಲಿ 1772ರಲ್ಲಿ, ಕೆಲವರ ಎಣಿಕೆಯಂತೆ 1774ರಲ್ಲಿ, ಜನಿಸಿದ ಅವರು ಎಳವೆಯಿಂದ ಕಲಿತದ್ದು ಬಂಗಾಳಿ, ಪರ್ಷಿಯನ್, ಅರಬ್ಬಿ ಮತ್ತು ಸಂಸ್ಕೃತಗಳನ್ನು. ಒಬ್ಬನೇ ದೇವರಲ್ಲಿ ನಂಬಿಕೆಯನ್ನು ಸಮರ್ಥಿಸಿ ಅವರು ಪ್ರಕಟಿಸಿದ ಮೊದಲ ಕೃತಿಯ ಭಾಷೆ ಪರ್ಷಿಯನ್. ಅದರ ಮುನ್ನುಡಿ ಅರಬ್ಬಿಯಲ್ಲಿತ್ತು.

ಅವರ ಇಂಗ್ಲಿಷ್ ಕಲಿಕೆಯ ವೃತ್ತಾಂತವನ್ನು ಬರೆದಿಟ್ಟವರು ಜಾನ್ ಡಿಗ್ಬಿ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ರಾಮಮೋಹನರು ಅವರ ಕೈಕೆಳಗೆ ಹಲವು ವರ್ಷ ದುಡಿದಿದ್ದರು. 1817ರಲ್ಲಿ ರಾಮಮೋಹನರ ಅನುವಾದಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದಾಗ ಡಿಗ್ಬಿಯವರೇ ಮುನ್ನುಡಿ ಬರೆದರು. ಅದರ ಪ್ರಕಾರ ರಾಮಮೋಹನರು ಇಂಗ್ಲಿಷ್ ಕಲಿಯಲು ಆರಂಭಿಸಿದ್ದು 22ನೆಯ ವಯಸ್ಸಿನಲ್ಲಿ. ಆದರೆ ಅದರಲ್ಲಿ ಹೆಚ್ಚಿನ ಶ್ರದ್ಧೆ ತೋರಲಿಲ್ಲ. ಐದು ವರ್ಷ ಕಳೆದ ಮೇಲೂ ಸಾಮಾನ್ಯ ವಿಷಯಗಳನ್ನು ಎದುರಿನವರಿಗೆ ಅರ್ಥವಾಗುವಷ್ಟರ ಮಟ್ಟಿಗೆ ಮಾತ್ರ ಆಡಬಲ್ಲವರಾಗಿದ್ದರು. ತಪ್ಪಿಲ್ಲದೆ ಬರೆಯಲು ಅವರಿಗೆ ಬರುತ್ತಿರಲಿಲ್ಲ.

ಅನಂತರ ಅವರ ಇಂಗ್ಲಿಷನ್ನು ತಿದ್ದಿದ್ದು ಮೂರು ಅಭ್ಯಾಸಗಳೆಂದು ಡಿಗ್ಬಿಯವರ ಬರಹದಿಂದ ತಿಳಿಯುತ್ತದೆ. ಕಚೇರಿಗೆ ಬರುವ, ಕಚೇರಿಯಿಂದ ಹೋಗುವ ಸರ್ಕಾರಿ ಪತ್ರಗಳೆಲ್ಲವನ್ನೂ ಅವರು ಗಮನವಿಟ್ಟು ಓದಿದರು. ಯುರೋಪಿಯನ್ನರೊಡನೆ ಪತ್ರವ್ಯವಹಾರವನ್ನೂ ಸಂಭಾಷಣೆಯನ್ನೂ ಬೆಳೆಸಿಕೊಂಡರು. ಇಂಗ್ಲಿಷ್ ಪತ್ರಿಕೆಗಳನ್ನು ತಪ್ಪದೆ ಓದುತ್ತಿದ್ದರು; ಅದರಲ್ಲಿಯೂ ಯುರೋಪಿನ ರಾಜಕೀಯ ಸುದ್ದಿಗಳಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಇಲ್ಲಿ ಪವಾಡವೇನೂ ಇಲ್ಲ. ದಿನವೂ ಕೈಗೆ ಬರುವ ಕಾಗದವನ್ನೇ ಪಾಠಪುಸ್ತಕವೆಂದು ಭಾವಿಸಿದರು, ಅಷ್ಟೆ. ಮೊದಲ ಐದು ವರ್ಷಗಳಲ್ಲಿ ಆಗದ್ದು ಅನಂತರ ಆದದ್ದು ಏಕೆ? ಈಗ ಅವರಿಗೆ ಇಂಗ್ಲಿಷಿನಿಂದ ಆಗಬೇಕಾದ ಕೆಲಸವೊಂದಿತ್ತು, ತಿಳಿಯಬೇಕಾದ ಸಂಗತಿಯೊಂದಿತ್ತು.

1820ರಲ್ಲಿ ಅವರು ಯೇಸುಸ್ವಾಮಿಯ ನೀತಿಬೋಧನೆಗಳನ್ನು ಶುಭಸಂದೇಶಗಳಿಂದ ಆಯ್ದು ಪ್ರಕಟಿಸಿದರು. ಕ್ರಿಸ್ತರ ದೈವತ್ವವನ್ನೂ ಅದ್ಭುತಗಳನ್ನೂ ಬದಿಗಿರಿಸಿದ ಈ ಸಂಕಲನವನ್ನು ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಖಂಡಿಸಿದರು. ರಾಮಮೋಹನರು ಮೂರು ಸುದೀರ್ಘ ಉತ್ತರಗಳನ್ನು ಇಂಗ್ಲಿಷಿನಲ್ಲಿಯೇ ಬರೆದರು; ಪವಿತ್ರ ಗ್ರಂಥದ ಮೂಲವನ್ನು ಅರಿಯಲು ಗ್ರೀಕ್ ಹಾಗೂ ಹೀಬ್ರೂ ಭಾಷೆಗಳನ್ನೂ ಅಭ್ಯಸಿಸಿದರು. ಅವರ ನಿಲುವನ್ನು ಕ್ರೈಸ್ತ ವಿಶ್ವಾಸ ಒಪ್ಪುವುದಿಲ್ಲ. ಆದರೆ ಒಂದು ಕಾಲಕ್ಕೆ ಸರಿಯಾಗಿ ನಾಲ್ಕು ಸಾಲು ಬರೆಯಲಾರದಿದ್ದವರು ಇಂಗ್ಲಿಷ್ ತಾಯಿನುಡಿಯ ಪಂಡಿತರೊಡನೆ ಸರಿಸಮನಾಗಿ ವಾದಕ್ಕೆ ನಿಂತರು ಎಂಬುದು ಸತ್ಯ. ಇಂಗ್ಲೆಂಡಿನ ಪ್ರಖ್ಯಾತ ಚಿಂತಕ ಜೆರೆಮಿ ಬೆಂಥಾಮ್ ಅವರ ಶೈಲಿಯನ್ನು ಮನಸಾರೆ ಮೆಚ್ಚಿಕೊಂಡರು.

ಇಷ್ಟಾದರೂ ಅವರು ಬಂಗಾಳಿಯನ್ನು ಕೈಬಿಡಲಿಲ್ಲ. ಬಂಗಾಳಿ ಗದ್ಯಕ್ಕೆ ತಳಹದಿ ಹಾಕಿದವರಲ್ಲಿ ಅವರ ಹೆಸರು ಮುಖ್ಯವಾದುದು. 1821ರಲ್ಲಿ ಬಂಗಾಳಿ ವಾರಪತ್ರಿಕೆಯೊಂದನ್ನೂ ಮರುವರ್ಷ ಪರ್ಷಿಯನ್ ಪತ್ರಿಕೆಯೊಂದನ್ನೂ ನಡೆಸಿದರು. ಬಂಗಾಳಿಯ ವ್ಯಾಕರಣವನ್ನು ಮೊದಲು ಇಂಗ್ಲಿಷಿನಲ್ಲಿ, ಬಳಿಕ ಬಂಗಾಳಿಯಲ್ಲಿ ರಚಿಸಿದರು.

ಗಂಗಾಮೂಲದಿಂದ ವಾಂಟೇಜಿಗೆ

ನಮ್ಮ ನಾಡಿನ ಮಣ್ಣಿಗೆ ಇನ್ನೂ ಹತ್ತಿರದವರು ಪಂಡಿತಾ ರಮಾಬಾಯಿ. ತುಂಗಭದ್ರೆಯರು ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಅವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಹೆಂಗಸರು ಸಂಸ್ಕೃತ ಓದಬಾರದೆಂದಿದ್ದ ಕಾಲದಲ್ಲಿ ಅನಂತಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ತಾಯಿ ಅದನ್ನು ಮಗಳಿಗೆ ಕಲಿಸಿದರು. ಭಾಗವತದ ಸಾವಿರಾರು ಶ್ಲೋಕಗಳು ಬಾಲಕಿಯ ಬಾಯಲ್ಲಿ ನೆಲೆಸಿದವು. ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಿದ್ದ ಆ ಕುಟುಂಬದೊಡನೆ ಬೆಳೆದ ರಮಾಬಾಯಿ ಮರಾಠಿಯ ಜೊತೆಗೆ ಕನ್ನಡ, ಹಿಂದುಸ್ತಾನಿ, ಬಂಗಾಳಿಗಳನ್ನೂ ಅರಿತಿದ್ದರು. ಇಂಗ್ಲಿಷ್ ಮಾತ್ರ ಅವರ ಕಲಿಕೆಯಲ್ಲಿ ಸೇರಿರಲಿಲ್ಲ.

1874ರಲ್ಲಿ ತಂದೆತಾಯಿಯರು ಹಸಿವಿನ ಬೇಗೆಯಲ್ಲಿ ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ' ಹಾಗೂ 'ಸರಸ್ವತಿ' ಎಂಬ ಬಿರುದುಗಳನ್ನಿತ್ತರು. ಮದುವೆಯಾಗಿ ಎರಡು ವರ್ಷಗಳೊಳಗೆ, 1882ರಲ್ಲಿ, ಪತಿ ಕಾಲರಾದಿಂದ ಮರಣಹೊಂದಿದರು. ಕೈಯಲ್ಲಿ ಎಳೆಯ ಮಗಳು ಮನೋರಮಾ. ಅದೇ ವರ್ಷ ಪುಣೆಯಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಸಾಕ್ಷ್ಯ ನುಡಿದಾಗ ಅವರು ಮಾತಾಡಿದ್ದು ಮರಾಠಿಯಲ್ಲಿ. ಅದನ್ನು ಇಂಗ್ಲಿಷಿಗೆ ಅನುವಾದಿಸಬೇಕಾಯಿತು.

1883ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. ಪ್ರಯಾಣದ ವೆಚ್ಚಕ್ಕೆ ಒದಗಿದ್ದು ಸ್ತ್ರೀಯರಿಗಾಗಿ ಮರಾಠಿಯಲ್ಲಿ ಬರೆದ ಪುಸ್ತಕದ ಹಣ. ವೈದ್ಯಶಾಸ್ತ್ರ ಓದಿ ಭಾರತದ ಸ್ತ್ರೀಯರಿಗೆ ನೆರವಾಗಬೇಕೆಂಬುದು ಅವರ ಆಸೆ. ಆದರೆ ಅವರ ಕಿವಿ ಮಂದವಾಗುತ್ತಿತ್ತು. ಆ ಕಾರಣದಿಂದ ವೈದ್ಯ ಶಿಕ್ಷಣದ ಬಾಗಿಲು ಮುಚ್ಚಿತು. ಕಿವಿ ಸರಿಯಾಗಿ ಕೇಳದವರಿಗೆ ಪರಭಾಷೆಯೊಂದನ್ನು ಕಲಿಯುವುದು ಎಷ್ಟು ಕಷ್ಟವೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಆದರೂ ಅವರು ಹಿಂಜರಿಯಲಿಲ್ಲ.

ವಾಂಟೇಜ್ ಎಂಬ ಊರಿನಲ್ಲಿ ಸೇಂಟ್ ಮೇರಿ ಸಭೆಯ ಆಂಗ್ಲಿಕನ್ ಸಿಸ್ಟರುಗಳ ಮಠದಲ್ಲಿ ಅವರು ತಂಗಿದರು. ಆ ಸಿಸ್ಟರುಗಳು ರಮಾಬಾಯಿಗೆ ಇಂಗ್ಲಿಷ್ ಕಲಿಸಿದರು. ಭಾರತಕ್ಕೆ ಬರಲಿದ್ದ ಸಿಸ್ಟರುಗಳಿಗೆ ರಮಾಬಾಯಿ ಮರಾಠಿ ಕಲಿಸಿದರು. ಕಲಿಯುವವರು ಕಲಿಸುವವರೂ ಆಗಿದ್ದರಿಂದ ಅಲ್ಲಿ ಕೀಳರಿಮೆಗೆ ಎಡೆಯಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 29ರಂದು ಅವರು ಮಗಳೊಂದಿಗೆ ಜ್ಞಾನಸ್ನಾನ ಪಡೆದರು. ಮುಂದಿನ ವರ್ಷದಿಂದ ಚೆಲ್ಟೆನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿಯೂ ಇದೇ ಕ್ರಮ ಮುಂದುವರಿಯಿತು. ಸಂಸ್ಕೃತ ಬೋಧಿಸುತ್ತಾ, ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಕಲಿತರು.

ಅವರ ಇಂಗ್ಲಿಷನ್ನು ನಿಜವಾಗಿ ಹದಗೊಳಿಸಿದ್ದು ಪತ್ರಗಳೆಂದು ಹೇಳಬೇಕು. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಮತ್ತು ಚೆಲ್ಟೆನ್‌ಹ್ಯಾಮಿನ ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರವನ್ನು ಸಿಸ್ಟರ್ ಜೆರಾಲ್ಡೀನ್ ಜೋಪಾನವಾಗಿ ಸಂಗ್ರಹಿಸಿಟ್ಟರು. 1977ರಲ್ಲಿ ಅದು ಪುಸ್ತಕವಾಗಿ ಬಂತು. ಅವು ಯೋಗಕ್ಷೇಮದ ಪತ್ರಗಳಷ್ಟೇ ಅಲ್ಲ. ತ್ರಿತ್ವದ ರಹಸ್ಯ, ಸಭೆಯ ಅಧಿಕಾರ, ವ್ಯಕ್ತಿಯ ಮನಸ್ಸಾಕ್ಷಿ ಇವೇ ಅಲ್ಲಿನ ಚರ್ಚೆಯ ವಸ್ತು. ಗಂಡಸರಿಗೆ ಅವರು ಪಾಠ ಹೇಳಬಾರದೆಂದು ಬಿಷಪರು ಆಕ್ಷೇಪಿಸಿದಾಗ ಅದನ್ನೂ ಪತ್ರದಲ್ಲಿಯೇ ಪ್ರಶ್ನಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನನ್ನ ನಾಡಿನ ಸಂಸ್ಕೃತವೇಕೆ ಇರಬಾರದು ಎಂದು ವಾದಿಸಿದರು. ಕಲಿಯುತ್ತಿದ್ದ ಭಾಷೆಯಲ್ಲೇ, ಅದನ್ನು ಕಲಿಸಿದವರೊಡನೆಯೇ, ತಮ್ಮ ಅಂತರಂಗಕ್ಕೆ ಸಂಬಂಧಿಸಿದ ವಿಷಯಗಳನ್ನು ನಿರ್ಭಯವಾಗಿ ಚರ್ಚಿಸಿದರು. ಆಡಲೇಬೇಕಾದ ಮಾತೊಂದು ಒಳಗೆ ತುಡಿಯುವಾಗ ನಾಲಿಗೆ ತಾನಾಗಿ ದಾರಿ ಹುಡುಕುತ್ತದೆ.

1886ರಲ್ಲಿ ಅವರು ಅಮೆರಿಕಕ್ಕೆ ಹೋದರು. 1887ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರ 'ದಿ ಹೈ ಕಾಸ್ಟ್ ಹಿಂದೂ ವುಮನ್' ಎಂಬ ಇಂಗ್ಲಿಷ್ ಕೃತಿ ಹೊರಬಂತು. ಆಯೋಗದ ಮುಂದೆ ಅನುವಾದಕರ ನೆರವಿನಿಂದ ಸಾಕ್ಷ್ಯ ನುಡಿದು ಆಗ ಐದೇ ವರ್ಷಗಳಾಗಿದ್ದವು. ಊರೂರಿನ ಸಭೆಗಳಲ್ಲಿ ಅವರ ಭಾಷಣ ಕೇಳಿದ ಅಮೆರಿಕನ್ನರು ಬೋಸ್ಟನ್ನಿನಲ್ಲಿ ಸಂಘವೊಂದನ್ನು ಕಟ್ಟಿ, ಹತ್ತು ವರ್ಷ ನೆರವು ನೀಡುವ ಹೊಣೆ ಹೊತ್ತರು. ಆ ನೆರವಿನಿಂದಲೇ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮುಂದೆ ಕೇಡಗಾಂವಿನಲ್ಲಿ ಮುಕ್ತಿ ಮಿಷನ್ ಬೆಳೆಯಿತು. ಅವರು ಕಲಿತ ಇಂಗ್ಲಿಷ್ ಅನಾಥ ಬಾಲವಿಧವೆಯರಿಗೆ ಅನ್ನವಾಯಿತು, ಆಶ್ರಯವಾಯಿತು. ಮಗಳು ಮನೋರಮಾ ಮುಂದೆ ಇಂದಿನ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಯನ್ನು ತೆರೆಯಲು ಶ್ರಮಿಸಿದರು.

ಭಾರತಕ್ಕೆ ಮರಳಿದ ರಮಾಬಾಯಿ ತಾವು ಕಂಡ ಅಮೆರಿಕದ ಬಗ್ಗೆ ಪುಸ್ತಕ ಬರೆದದ್ದು ಮರಾಠಿಯಲ್ಲಿ. ಕೊನೆಯ ವರ್ಷಗಳನ್ನು ಅವರು ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ಅನುವಾದಿಸಲು ಮುಡಿಪಾಗಿಟ್ಟರು. 1922ರ ಏಪ್ರಿಲ್ 5ರಂದು ಅವರು ನಿಧನರಾಗುವ ವೇಳೆಗೆ ಆ ಕಾರ್ಯ ಮುಗಿದಿತ್ತು.

ಕಲ್ಲಿದ್ದಲ ಹಡಗಿನಲ್ಲಿ ಕಲಿತ ನಾವಿಕ

ರಮಾಬಾಯಿ ಇಂಗ್ಲೆಂಡಿಗೆ ಬರುವ ಐದು ವರ್ಷ ಮೊದಲು, 1878ರ ಜೂನ್ ತಿಂಗಳಲ್ಲಿ, ಲೋಸ್ಟಾಫ್ಟ್ ಬಂದರಿನಲ್ಲಿ ಇಪ್ಪತ್ತು ವರ್ಷದ ಪೋಲಿಷ್ ತರುಣನೊಬ್ಬ ಹಡಗಿನಿಂದಿಳಿದ. ಅವನಿಗೆ ಅಲ್ಲಿ ಪರಿಚಿತರಿರಲಿಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲವೆಂದೇ ಹೇಳಬಹುದು. ಅವನೇ ಮುಂದೆ ಇಂಗ್ಲಿಷ್ ಸಾಹಿತ್ಯದ ಮಹಾ ಕಾದಂಬರಿಕಾರರಲ್ಲಿ ಒಬ್ಬರೆನಿಸಿದ ಜೋಸೆಫ್ ಕಾನ್ರಾಡ್.

ಕಾನ್ರಾಡರು ಹುಟ್ಟಿದ್ದು 1857ರಲ್ಲಿ, ಇಂದಿನ ಉಕ್ರೇನಿನ ಬೆರ್ಡಿಚಿವ್ ಎಂಬಲ್ಲಿ. ತಂದೆ ಪೋಲಿಷ್ ಕವಿ. ಷೇಕ್ಸ್‌ಪಿಯರನ ನಾಟಕಗಳನ್ನು ಪೋಲಿಷಿಗೆ ತಂದವರು. ರಷ್ಯದ ಚಕ್ರಾಧಿಪತ್ಯ ಆ ಕುಟುಂಬವನ್ನು ಗಡೀಪಾರು ಮಾಡಿತು. ಏಳನೆಯ ವಯಸ್ಸಿನಲ್ಲಿ ತಾಯಿಯನ್ನೂ ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ ಬಾಲಕನಿಗೆ ಪುಸ್ತಕಗಳೇ ಸಂಗಾತಿಗಳಾದವು. ಪೋಲಿಷ್ ತಾಯಿನುಡಿ, ಫ್ರೆಂಚ್ ಎರಡನೆಯದು. ಇಂಗ್ಲಿಷಿಗೆ ದೊರೆತದ್ದು ಮೂರನೆಯ ಸ್ಥಾನ.

ಅವರ ಮೊದಲ ಗುರುಗಳು ಲೋಸ್ಟಾಫ್ಟಿನಿಂದ ನ್ಯೂಕಾಸಲ್‌ಗೆ ಹೋಗಿಬರುತ್ತಿದ್ದ ಕಲ್ಲಿದ್ದಲ ಹಡಗಿನ ನಾವಿಕರು. ಆ ಒರಟು ಜನರ ಮಾತನ್ನು ಕೇಳುತ್ತಾ, ಆಡುತ್ತಾ, ಅವರೊಡನೆ ಹಗ್ಗ ಎಳೆಯುತ್ತಾ ಅವರು ಇಂಗ್ಲಿಷ್ ಕಲಿತರು. ಜೊತೆಗೆ ದಿನಪತ್ರಿಕೆಯ ಓದು. ಕೆಲವು ವರ್ಷಗಳ ಬಳಿಕ ಅವರಿದ್ದ ಹಡಗು ದುರಸ್ತಿಗಾಗಿ ಫಾಲ್ಮತ್ ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಾಗ, ಸುತ್ತಲೂ ಸುತ್ತಿಗೆಯ ಸದ್ದಿನ ನಡುವೆ ಬಿಡುವು ದೊರೆತಾಗಲೆಲ್ಲ ಷೇಕ್ಸ್‌ಪಿಯರನ ಸಮಗ್ರ ನಾಟಕಗಳ ಅಗ್ಗದ ಪ್ರತಿಯೊಂದನ್ನು ಓದಿದ್ದಾಗಿ ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಹಡಗಿನ ಅಧಿಕಾರಿಯಾಗಬೇಕಾದರೆ ಇಂಗ್ಲಿಷಿನಲ್ಲಿ ಪರೀಕ್ಷೆ ಎದುರಿಸಬೇಕಿತ್ತು. 1880ರಲ್ಲಿ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದಿನ ಎರಡು ಹಂತಗಳಲ್ಲಿಯೂ ಒಮ್ಮೊಮ್ಮೆ ಅನುತ್ತೀರ್ಣರಾಗಿ, ಪುನಃ ಕುಳಿತು, 1886ರಲ್ಲಿ ಕ್ಯಾಪ್ಟನ್ ಆಗುವ ಅರ್ಹತೆ ಗಳಿಸಿದರು. 1889ರಲ್ಲಿ ಮೊದಲ ಕಾದಂಬರಿಯನ್ನು ಬರೆಯತೊಡಗಿದರು. ಅದರ ಹಸ್ತಪ್ರತಿ ಅವರೊಂದಿಗೆ ಖಂಡಾಂತರಗಳನ್ನು ಸುತ್ತಿತು. ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಕೇಂಬ್ರಿಜ್ ಪದವೀಧರನೊಬ್ಬನಿಗೆ ಅದನ್ನು ಕೊಟ್ಟು, ಮುಗಿಸಲು ಯೋಗ್ಯವೇ ಎಂದು ಕೇಳಿದರು. ಯೋಗ್ಯವೆಂಬ ಉತ್ತರದಿಂದ ಧೈರ್ಯ ತಂದುಕೊಂಡರು. ಅದು ಪ್ರಕಟವಾದದ್ದು 1895ರಲ್ಲಿ. ಮುಂದೆಯೂ ವಿಮರ್ಶಕ ಎಡ್ವರ್ಡ್ ಗಾರ್ನೆಟ್‌ಗೆ ಹಸ್ತಪ್ರತಿಗಳನ್ನು ತೋರಿಸಿ ಸಲಹೆ ಪಡೆಯುತ್ತಿದ್ದರು.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಕಾನ್ರಾಡರ ಬರವಣಿಗೆ ಇಂಗ್ಲಿಷಿನ ಹೆಮ್ಮೆಯಾಯಿತು. ಉಚ್ಚಾರಣೆ ಮಾತ್ರ 1924ರಲ್ಲಿ ಕಣ್ಮುಚ್ಚುವವರೆಗೂ ಪೋಲಿಷರದ್ದೇ ಆಗಿತ್ತು. ಜ್ವರದ ತಾಪದಲ್ಲಿ ಕನವರಿಸುವಾಗ ಅವರ ಬಾಯಿಂದ ಪೋಲಿಷ್ ಮಾತು ಹೊರಬರುತ್ತಿದ್ದುದನ್ನು ಪತ್ನಿ ದಾಖಲಿಸಿದ್ದಾರೆ. ಇಂಗ್ಲಿಷ್ ಚೆನ್ನಾಗಿ ಬರುವುದೆಂದರೆ ಇಂಗ್ಲಿಷರಂತೆ ಉಲಿಯುವುದೆಂದು ತಿಳಿದವರು ಇದನ್ನು ನೆನೆಯಬೇಕು.

ನಮ್ಮ ನಡುವೆ ದುಡಿದವರು

ಇದೇ ಸಾಲಿನಲ್ಲಿ ನಾವು ಸಾಮಾನ್ಯವಾಗಿ ಎಣಿಸದ ಹೆಸರೊಂದಿದೆ. ಬಾಸೆಲ್ ಮಿಷನ್ನಿನ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ಕನ್ನಡ ಕಲಿತ ವಿದೇಶೀಯರೆಂದು ಗೌರವಿಸುತ್ತೇವೆ. ಆದರೆ 1853ರಲ್ಲಿ ಭಾರತಕ್ಕೆ ಬಂದ ಅವರು ಜರ್ಮನರು. ಇಂಗ್ಲಿಷ್ ಕೂಡ ಅವರಿಗೆ ಕಲಿತ ನುಡಿಯೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ, ಸುಮಾರು 70,000 ಶಬ್ದಗಳ ಅವರ ನಿಘಂಟು ಕನ್ನಡ-ಇಂಗ್ಲಿಷ್ ನಿಘಂಟು. 1903ರ ಅವರ ಕನ್ನಡ ವ್ಯಾಕರಣವೂ ಇಂಗ್ಲಿಷಿನಲ್ಲಿದೆ. ತಾಯಿನುಡಿಯಲ್ಲದ ಎರಡು ಭಾಷೆಗಳ ನಡುವೆ ಸೇತುವೆ ಕಟ್ಟಿದ ಈ ಸಾಧನೆ ಅಪೂರ್ವವಾದುದು. ಅವರ ಅಭ್ಯಾಸಗಳೂ ಮೇಲಿನವರಂತೆಯೇ: ಹಳೆಯ ಕಾವ್ಯಗಳ ನಿರಂತರ ಓದು, ಜನರ ಆಡುಮಾತಿಗೆ ಕಿವಿಗೊಡುವುದು, ಸ್ಥಳೀಯ ಪಂಡಿತರನ್ನು ಕೇಳಿ ತಿದ್ದಿಕೊಳ್ಳುವುದು. ದಶಕಗಳ ಈ ದುಡಿಮೆಯಲ್ಲಿ ಅವಸರಕ್ಕೆ ಸ್ಥಾನವಿರಲಿಲ್ಲ.

ನಮ್ಮ ಮನೆಗಳಿಗೆ

ಗುಮಾಸ್ತೆಯ ಮೇಜು, ಸಿಸ್ಟರುಗಳ ಮಠ, ಕಲ್ಲಿದ್ದಲ ಹಡಗು, ಮಿಷನ್ನಿನ ಬಂಗಲೆ. ಇವರು ಕಲಿತ ಜಾಗಗಳು ಒಂದಕ್ಕೊಂದು ಹೋಲುವುದಿಲ್ಲ; ಕಲಿತ ರೀತಿ ಹೋಲುತ್ತದೆ. ಇವರೆಲ್ಲರೂ ದಿನವೂ ಓದಿದರು, ಗಮನವಿಟ್ಟು ಓದಿದರು. ತಪ್ಪಾದೀತೆಂದು ಬಾಯಿ ಮುಚ್ಚಿಕೊಳ್ಳದೆ ಮಾತಾಡಿದರು. ಬರೆದದ್ದನ್ನು ಬಲ್ಲವರಿಗೆ ತೋರಿಸಿದರು. ತಿದ್ದಿಸಿಕೊಳ್ಳುವುದನ್ನು ಅವಮಾನವೆಂದು ಎಣಿಸಲಿಲ್ಲ. ಮುಖ್ಯವಾಗಿ, ಇಂಗ್ಲಿಷನ್ನು ಅಂತಸ್ತಿನ ಗುರುತಾಗಿ ಧರಿಸಲಿಲ್ಲ. ಒಬ್ಬರಿಗೆ ಸಮಾಜ ಸುಧಾರಣೆ, ಒಬ್ಬರಿಗೆ ವಿಧವೆಯರ ಕಣ್ಣೀರು, ಒಬ್ಬರಿಗೆ ಕಡಲಿನ ಅನುಭವ, ಒಬ್ಬರಿಗೆ ಕನ್ನಡದ ನುಡಿಸಂಪತ್ತು. ಹೇಳಬೇಕಾದದ್ದು ಮೊದಲು ಇತ್ತು, ಭಾಷೆ ಅದರ ಹಿಂದೆ ಬಂತು.

ಇವರಲ್ಲಿ ಯಾರೂ ಬರಿಗೈಯಲ್ಲಿ ಇಂಗ್ಲಿಷಿನ ಬಾಗಿಲಿಗೆ ಹೋಗಲಿಲ್ಲ ಎಂಬುದನ್ನು ತಂದೆತಾಯಿಗಳು ವಿಶೇಷವಾಗಿ ಮನಗಾಣಬೇಕು. ತಮ್ಮ ನುಡಿಯಲ್ಲಿ ಆಳವಾಗಿ ಓದಲು, ಯೋಚಿಸಲು, ವಾದಿಸಲು ಕಲಿತವರು ಅದೇ ಶಕ್ತಿಯನ್ನು ಇನ್ನೊಂದು ನುಡಿಗೂ ಕೊಂಡೊಯ್ದರು. ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದ್ದು ಇಂಗ್ಲಿಷನ್ನಲ್ಲ. ಆ ತಾಯಿಗೆ ಅದು ಬರುತ್ತಿತ್ತೆಂದು ಯಾರೂ ಹೇಳಿಲ್ಲ. ಕೇಳಿದ್ದನ್ನು ನೆನಪಿನಲ್ಲಿಡುವುದನ್ನು, ಶಬ್ದದ ಅರ್ಥವನ್ನು ಬಿಡದೆ ಹುಡುಕುವುದನ್ನು ಅವರು ಕಲಿಸಿದರು. ಫಿಲಡೆಲ್ಫಿಯಾದಲ್ಲಿ ಪ್ರಕಟವಾದ ಆ ಪುಸ್ತಕವನ್ನು ಮಗಳು ಅರ್ಪಿಸಿದ್ದು ತನ್ನ ತಾಯಿಯ ಸ್ಮರಣೆಗೆ.

ಆದುದರಿಂದ ಇಂಗ್ಲಿಷ್ ಬಾರದ ತಾಯಿ ಮಗುವಿನೊಡನೆ ಮೌನ ತಾಳಬೇಕಾಗಿಲ್ಲ. ರಾತ್ರಿಯ ಪ್ರಾರ್ಥನೆಯ ಬಳಿಕ ಪವಿತ್ರ ಗ್ರಂಥದ ಒಂದು ಭಾಗವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ, ಅದರ ಅರ್ಥವೇನೆಂದು ಮಗುವನ್ನೇ ಕೇಳಲಿ. ಅದೇ ಭಾಗವನ್ನು ಇಂಗ್ಲಿಷಿನಲ್ಲಿಯೂ ಓದಿ, ಎರಡನ್ನೂ ಹೋಲಿಸಲು ಹಚ್ಚಲಿ. ವಾರಕ್ಕೊಂದು ಪತ್ರವನ್ನು ದೂರದ ಬಂಧುವಿಗೋ ಶಾಲೆಯ ಉಪಾಧ್ಯಾಯರಿಗೋ ಇಂಗ್ಲಿಷಿನಲ್ಲಿ ಬರೆಸಿ, ತಿದ್ದಿ ಕಳಿಸುವಂತೆ ಕೋರಲಿ. ಇದಕ್ಕೆ ಸಾಲ ಬೇಕಿಲ್ಲ, ಕೈಬರಹದ ಒಂದು ಪುಸ್ತಕ ಸಾಕು. ಫಲ ಮೂವತ್ತು ದಿನಗಳಲ್ಲಿ ಕಾಣಿಸಲಾರದು. ರಾಮಮೋಹನರ ಮೊದಲ ಐದು ವರ್ಷಗಳಲ್ಲಿ ಕೂಡ ಹೆಚ್ಚೇನೂ ಕಾಣಿಸಲಿಲ್ಲ.